ಆನೆಯ ಹೊಟ್ಟೆಯ ಮೇಲೆ ಹಸಿರು ಶಾಯಿ

ಮಕ್ಕಳ ಪುಸ್ತಕ ಬರೆಯುವುದು ಬಹಳ ಸುಲಭದ ಕೆಲಸ ಎಂದು ನಾನು ನಂಬಿದ್ದಕ್ಕೆ ಬಲವಾದ ಕಾರಣಗಳಿದ್ದವು. ಪುಸ್ತಕ ಚಿಕ್ಕದು. ಅದರಲ್ಲಿ ಅರ್ಧ ಜಾಗವನ್ನು ಚಿತ್ರವೇ ನುಂಗುತ್ತದೆ. ಓದುವವರಂತೂ ಇನ್ನೂ ಚಿಕ್ಕವರು, ತಪ್ಪು ಹುಡುಕುವ ವಯಸ್ಸಲ್ಲ. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಇಪ್ಪತ್ತೆರಡು ವರ್ಷ ಟಿಪ್ಪಣಿ ಬರೆದು ಬರೆದು ಸೆಕ್ಷನ್ ಆಫೀಸರ್ ಆದ ನನಗೆ ಹದಿನಾರು ಪುಟ ಯಾವ ಮೂಲೆಗೆ? ಚಿತ್ರವನ್ನೂ ನಾನೇ ಬರೆಯುವುದೆಂದು ತೀರ್ಮಾನಿಸಿದೆ. ಹೈಸ್ಕೂಲಿನಲ್ಲಿ ನಾನು ಬರೆದ ಮಡಕೆಯ ಚಿತ್ರವನ್ನು ಡ್ರಾಯಿಂಗ್ ಮೇಷ್ಟ್ರು ಗೋಡೆಗೆ ಅಂಟಿಸಿದ್ದರು. ಆ ಗೋಡೆಯಲ್ಲಿ ಬಿರುಕಿತ್ತು ಎಂಬ ವಿಷಯ ಇಲ್ಲಿ ಅಪ್ರಸ್ತುತ.

ಈ ಸಾಹಸಕ್ಕೆ ಕಾರಣ ನನ್ನ ಮಗಳು ಅನಘಾ. ಆಗ ಅವಳಿಗೆ ಒಂಬತ್ತು ವರ್ಷ. ಹುಟ್ಟಿದ್ದು, ಬೆಳೆದದ್ದು ಎಲ್ಲ ಸರೋಜಿನಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ಕೆಳಗಿನ ಮನೆಯ ಪಾಟೀಲರು ಭಾನುವಾರ ಕಾಲೊನಿಯ ಹಾಲಿನಲ್ಲಿ ಮಕ್ಕಳಿಗೆ ನಡೆಸುವ ಕನ್ನಡ ಕ್ಲಾಸಿಗೆ ಎರಡು ವರ್ಷ ಹೋಗಿದ್ದಳು. ಅಕ್ಷರಗಳೆಲ್ಲ ಗೊತ್ತು. ಆದರೆ ಓದುವುದಿಲ್ಲ.

"ಯಾಕೆ ಪುಟ್ಟಿ ಓದಲ್ಲ?" ಎಂದು ಒಂದು ದಿನ ಕೇಳಿದೆ.

"ಪಪ್ಪಾ, ಕನ್ನಡದಲ್ಲಿ ಕುಛ್ ಇಂಟರೆಸ್ಟಿಂಗ್ ಹೋತಾ ಹೀ ನಹೀಂ," ಎಂದಳು.

ಕನ್ನಡದಲ್ಲಿ ಸ್ವಾರಸ್ಯವಾದದ್ದು ಏನೂ ಇರುವುದೇ ಇಲ್ಲ ಎಂಬ ಈ ಮಾತು ನನ್ನ ಎದೆಗೆ ನೇರವಾಗಿ ತಾಗಿತು. ಸಾವಿರಾರು ವರ್ಷದ ಭಾಷೆಯ ಮಾನ ಕಾಪಾಡುವ ಹೊಣೆ ಎರಡು ಕೋಣೆಯ ಕ್ವಾರ್ಟರ್ಸಿನ ಒಬ್ಬ ಸೆಕ್ಷನ್ ಆಫೀಸರನ ಹೆಗಲಿಗೆ ಬಿದ್ದಿದೆ ಎಂದು ನನಗೆ ಅನ್ನಿಸಿತು. ನನ್ನ ಮಗಳು ನಾನು ಬರೆದ ಕನ್ನಡವನ್ನು ಮೊದಲಿನಿಂದ ಕೊನೆಯವರೆಗೆ ತಾನಾಗಿ ಓದಬೇಕು. ಇದೊಂದೇ ನನ್ನ ಆಸೆ. ಪ್ರಶಸ್ತಿ ಗಿಶಸ್ತಿ ತಾನಾಗಿ ಬಂದರೆ ಬೇಡ ಎನ್ನುತ್ತಿರಲಿಲ್ಲ, ಅದು ಬೇರೆ ಮಾತು.

ಕಥೆ ಹೀಗಿತ್ತು. ದುಂಡಣ್ಣ ಎಂಬ ಆನೆ ದಾರಿ ತಪ್ಪಿ ದೆಹಲಿಗೆ ಬರುತ್ತದೆ. ಇಲ್ಲಿನ ಚಳಿಗೆ ಗಡಗಡ ನಡುಗುತ್ತದೆ. ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋಗಿ ಸ್ವೆಟರ್ ಕೇಳಿದರೆ ಅದರ ಅಳತೆಯದ್ದು ಎಲ್ಲೂ ಸಿಗುವುದಿಲ್ಲ. ಆಗ ಅಳಿಲು, ಕಾಗೆ, ಒಂಟೆ ಎಲ್ಲ ಸೇರಿ ಅದಕ್ಕೊಂದು ಸ್ವೆಟರ್ ಹೆಣೆದುಕೊಡುತ್ತವೆ. ಒಂದು ತಿಂಗಳು ಪ್ರತಿ ಶನಿವಾರ ಊಟದ ಮೇಜಿನ ಮೇಲೆ ಬಣ್ಣ ಹರಡಿಕೊಂಡು ಕೂತೆ. ನನ್ನ ಹೆಂಡತಿ ಸುಮಿತ್ರಾ ತಟ್ಟೆಗಳನ್ನು ನೆಲದ ಮೇಲಿಟ್ಟು ಬಡಿಸಿದಳು.

"ಇದೇನ್ರೀ ಇದು, ನೀರಿನ ಟ್ಯಾಂಕಾ?" ಎಂದು ಒಂದು ಸಲ ಬಗ್ಗಿ ನೋಡಿ ಕೇಳಿದಳು.

"ಆನೆ," ಎಂದೆ.

"ಪೈಪು ಮುಂದೆ ಇದೆಯಲ್ಲ, ಅದಕ್ಕೆ ಕೇಳಿದೆ," ಎಂದು ಅಡುಗೆಮನೆಗೆ ಹೋದಳು.

ಪುಸ್ತಕ ಸಿದ್ಧವಾಯಿತು. ನೇರವಾಗಿ ಪ್ರೆಸ್ಸಿಗೆ ಕೊಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಸರ್ಕಾರಿ ನೌಕರ. ನಮ್ಮ ನಡತೆ ನಿಯಮಗಳನ್ನು ತೆಗೆದು ನೋಡಿದೆ. ನೌಕರ ಬರೆದದ್ದು ಶುದ್ಧ ಸಾಹಿತ್ಯವಾಗಿದ್ದರೆ ಅನುಮತಿ ಬೇಕಿಲ್ಲ ಎಂದಿತ್ತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ನಿಯಮದ ಪುಸ್ತಕ ಮುಚ್ಚುತ್ತಿದ್ದರು. ನಾನು ಮುಚ್ಚಲಿಲ್ಲ. ನಾನು ಬರೆದದ್ದು ಸಾಹಿತ್ಯ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ನಾನೇ ತೀರ್ಮಾನಿಸಿಕೊಂಡರೆ ನಾಳೆ ಯಾರಾದರೂ ಆಕ್ಷೇಪ ಎತ್ತಲಾರರೇ? ಆದ್ದರಿಂದ "ಲಗತ್ತಿಸಿದ ಆನೆಯ ಕಥೆಯು ಸಾಹಿತ್ಯವೆಂದು ದೃಢಪಡಿಸಬೇಕಾಗಿ ವಿನಮ್ರ ಕೋರಿಕೆ" ಎಂದು ಒಂದು ಅರ್ಜಿ ಬರೆದೆ.

"ಯಾರೂ ಕೇಳದೆ ನೀವಾಗೇ ಹೋಗಿ ಕುತ್ತಿಗೆ ಕೊಡ್ತಿದ್ದೀರಲ್ಲ," ಎಂದಳು ಸುಮಿತ್ರಾ.

"ನಿನಗೆ ಆಫೀಸ್ ವ್ಯವಹಾರ ತಿಳಿಯಲ್ಲ," ಎಂದೆ. ಮದುವೆಯಾದಾಗಿನಿಂದ ನಾನು ಈ ವಾಕ್ಯವನ್ನು ಎಷ್ಟು ಸಲ ಹೇಳಿದ್ದೇನೋ, ಅಷ್ಟು ಸಲವೂ ಆಮೇಲೆ ತಲೆ ತಗ್ಗಿಸಿದ್ದೇನೆ.

ಅರ್ಜಿಯ ಜೊತೆ ನನ್ನ ಮೂಲ ಚಿತ್ರಗಳನ್ನೇ ಇಟ್ಟೆ. ಜೆರಾಕ್ಸ್ ಇಟ್ಟರೆ "ಮೂಲ ಪ್ರತಿ ಲಗತ್ತಿಸಿ" ಎಂದು ಫೈಲ್ ವಾಪಸ್ ಬರುತ್ತದೆ, ಅದು ನನಗೆ ಗೊತ್ತಿಲ್ಲವೇ? ನಾನೇ ಎಷ್ಟು ಜನರಿಗೆ ವಾಪಸ್ ಕಳಿಸಿದ್ದೇನೆ. ಮೇಲಿನವರಿಗೆ ಕನ್ನಡ ಬಾರದು ಎಂದು ಪುಟಪುಟದ ಸಾರಾಂಶವನ್ನು ಬೇರೆ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಇಷ್ಟೆಲ್ಲ ಮುಂದಾಲೋಚನೆ ಮಾಡಿದ ನಾನು ಒಂದು ವಿಷಯ ಗಮನಿಸಿರಲಿಲ್ಲ. ಟಿಪ್ಪಣಿ ಹಾಳೆಯ ಎಡಗಡೆ ನಾಲ್ಕು ಬೆರಳು ಜಾಗ ಬಿಡುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಚಿತ್ರ ಬರೆಯುವಾಗಲೂ ಹದಿನಾರು ಪುಟದಲ್ಲೂ ನಾಲ್ಕು ಬೆರಳು ಜಾಗ ಬಿಟ್ಟಿದ್ದೆ. ಖಾಲಿ ಜಾಗ ಕಂಡ ಅಧಿಕಾರಿಗೆ ಪೆನ್ನಿನ ಮುಚ್ಚಳ ತೆಗೆಯದೆ ಇರಲು ಸಾಧ್ಯವೇ ಇಲ್ಲ.

ಫೈಲ್ ಮೊದಲು ನಮ್ಮ ಅಂಡರ್ ಸೆಕ್ರೆಟರಿ ನಯ್ಯರ್ ಮೇಡಂ ಬಳಿಗೆ, ಅಲ್ಲಿಂದ ಜಾಯಿಂಟ್ ಸೆಕ್ರೆಟರಿ ಮಾಥುರ್ ಸಾಹೇಬರ ಬಳಿಗೆ ಹೋಯಿತು. ಇಲ್ಲಿ ನಮ್ಮ ಆಫೀಸಿನ ಶಾಯಿಯ ಪದ್ಧತಿ ಸ್ವಲ್ಪ ಹೇಳಬೇಕು. ಮೇಡಂ ಬರೆಯುವುದು ನೀಲಿಯಲ್ಲಿ. ಸಾಹೇಬರು ಹಸಿರಿನಲ್ಲಿ, ಹಸಿರು ಅವರಂಥ ದೊಡ್ಡವರ ಹಕ್ಕು, ನಾವು ಆ ಬಣ್ಣದ ಪೆನ್ನನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೂ ಹಿಂಜರಿಯುತ್ತೇವೆ. ಇವೆರಡನ್ನು ಬಿಟ್ಟರೆ ಪೆನ್ಸಿಲ್. ದಾಖಲೆಯಲ್ಲಿ ಉಳಿಯಬಾರದ ಮಾತನ್ನು ಮೇಲಿನವರು ಕೆಳಗಿನವರಿಗೆ ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ. ಓದಬೇಕು, ಪಾಲಿಸಬೇಕು, ಅಳಿಸಬೇಕು. ಇದನ್ನು ಯಾವ ನಿಯಮದಲ್ಲೂ ಬರೆದಿಲ್ಲ, ಆದರೆ ಇಡೀ ಸಚಿವಾಲಯಕ್ಕೆ ಗೊತ್ತು.

ಆರು ವಾರ ಕಳೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಕಂದು ಬಣ್ಣದ ದೊಡ್ಡ ಲಕೋಟೆ ನನ್ನ ಮೇಜಿಗೆ ಬಂತು. ಮೇಲೆ ಒಂದು ಚೀಟಿ. ಅದರಲ್ಲಿ ಹಸಿರು ಅಕ್ಷರದಲ್ಲಿ "ಒಪ್ಪಿದೆ", ಕೆಳಗೆ ಸಾಹೇಬರ ಸಹಿ. ನನ್ನ ಕಣ್ಣು ತುಂಬಿ ಬಂತು. ಭಾರತ ಸರ್ಕಾರ ನನ್ನನ್ನು ಸಾಹಿತಿ ಎಂದು ಒಪ್ಪಿತ್ತು.

ಲಕೋಟೆಯನ್ನು ನಾನು ತೆರೆಯಲಿಲ್ಲ. ಯಾಕೆ ತೆರೆಯಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಇಪ್ಪತ್ತೆರಡು ವರ್ಷ ಸಚಿವಾಲಯದಲ್ಲಿ ಕೆಲಸ ಮಾಡಿದವನು ಮೇಲಿನಿಂದ ಇಳಿದ ಫೈಲನ್ನು ಓದುವುದಿಲ್ಲ, ಕೊನೆಯ ಸಹಿ ನೋಡುತ್ತಾನೆ. ಸಹಿ ಇದ್ದರೆ ಮುಂದಕ್ಕೆ ಕಳಿಸುತ್ತಾನೆ. ಹೀಗೆ ನಾನು ಓದದೆ ಮುಂದಕ್ಕೆ ಕಳಿಸಿದ ಎಷ್ಟೋ ಫೈಲುಗಳಿಂದ ಈ ದೇಶ ಚೆನ್ನಾಗಿಯೇ ನಡೆದುಕೊಂಡು ಬಂದಿದೆ.

"ಒಂದ್ಸಲ ತೆಗ್ದು ನೋಡಿ ರೀ," ಎಂದಳು ಸುಮಿತ್ರಾ, ಮನೆಯಲ್ಲಿ.

"ಜಾಯಿಂಟ್ ಸೆಕ್ರೆಟರಿ ಒಪ್ಪಿದ ಮೇಲೆ ನಾನು ಯಾರು ನೋಡೋಕೆ?" ಎಂದೆ.

ಮರುದಿನ ಬೆಳಿಗ್ಗೆ ಲಕೋಟೆಯನ್ನು ಹಾಗೆಯೇ ಮುನಿರ್ಕಾಕ್ಕೆ ಒಯ್ದೆ. ಅಲ್ಲಿನ ಓಣಿಯಲ್ಲಿ ಗುಪ್ತಾಜಿ ಎಂಬವರ ಅಂಗಡಿ. ಪಕ್ಕದ ಯೂನಿವರ್ಸಿಟಿಯ ವಿದ್ಯಾರ್ಥಿಗಳ ಥೀಸಿಸ್ ಬೈಂಡ್ ಮಾಡುವುದು ಅವರ ಮುಖ್ಯ ಕೆಲಸ, ಬಣ್ಣದ ಪುಸ್ತಕಗಳನ್ನು ಓಖ್ಲಾದ ದೊಡ್ಡ ಯಂತ್ರದಲ್ಲಿ ಅಚ್ಚು ಹಾಕಿಸಿ ಕೊಡುತ್ತಿದ್ದರು. ಅವರಿಗೆ ಕನ್ನಡದ ಒಂದಕ್ಷರ ಬಾರದು, ನಮ್ಮ ಮಾತೆಲ್ಲ ಹಿಂದಿಯಲ್ಲಿ. ಲಕೋಟೆ ಕೊಟ್ಟು, ಮೇಲಿನ ಹಸಿರು ಸಹಿ ತೋರಿಸಿ, ಐನೂರು ಪ್ರತಿ ಎಂದೆ. ಪ್ರೂಫ್ ಯಾವಾಗ ನೋಡುತ್ತೀರಿ ಎಂದು ಅವರು ಕೇಳಿದರು. ಪ್ರೂಫ್ ಬೇಡ ಎಂದೆ.

ಮೂರು ದಿನದ ಮೇಲೆ ಆಫೀಸಿಗೆ ಅವರ ಫೋನು.

"ಮೂರ್ತಿಜಿ, ಇದರಲ್ಲಿ ಇರೋದೆಲ್ಲಾ ಛಾಪ್ನಾ ಹೈ ಕ್ಯಾ?" ಎಂದರು.

"ಎಲ್ಲಾ ಅಚ್ಚು ಹಾಕಿ," ಎಂದೆ.

"ಮತಲಬ್, ಅಲ್ಲಲ್ಲಿ ಏನೇನೋ..."

"ಗುಪ್ತಾಜಿ, ಸರ್ಕಾರ ಒಪ್ಪಿರೋ ಪುಸ್ತಕ ಅದು. ಒಂದು ಗೆರೆ ಕೂಡ ಆಚೀಚೆ ಆಗಬಾರದು. ಹಾಗೇನಾದರೂ ಆದರೆ ಜವಾಬ್ದಾರಿ ನಿಮ್ಮದು."

"ಅಚ್ಛಾ, ಅಚ್ಛಾ. ಪ್ರೊಫೆಸರ್ ಲೋಗ್ ಭೀ ಹೀಗೇ ಹೇಳ್ತಾರೆ," ಎಂದು ನಿಟ್ಟುಸಿರಿಟ್ಟು ಫೋನ್ ಇಟ್ಟರು. ಪಾಪ, ಅವರು ಹೇಳಲು ಹೊರಟದ್ದನ್ನು ನಾನು ಹೇಳಲು ಬಿಡಲಿಲ್ಲ.

ಬಿಡುಗಡೆ ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಪಾಟೀಲರ ಕನ್ನಡ ಕ್ಲಾಸು ನಡೆಯುವ ಹಾಲಿನಲ್ಲೇ ಎಂದು ನಿಗದಿಯಾಯಿತು. ಮುಖ್ಯ ಅತಿಥಿಗಳಾಗಿ ಮಾಥುರ್ ಸಾಹೇಬರು. ಅವರನ್ನು ಕರೆಯಲು ನಯ್ಯರ್ ಮೇಡಂ ಬಳಿ ಹೋದಾಗ ಮೇಡಂ ನನ್ನನ್ನು ಒಂದು ಥರಾ ನೋಡಿ, "ಎಲ್ಲ ಅಳಿಸಿದ್ದೀರಿ ತಾನೆ?" ಎಂದು ಹಿಂದಿಯಲ್ಲಿ ಕೇಳಿದರು. ಏನು ಎಂದು ಕೇಳುವುದು ಅವಿಧೇಯತೆ. "ಎಸ್ ಮೇಡಂ," ಎಂದೆ.

ಭಾನುವಾರ ಹಾಲಿನಲ್ಲಿ ಜಮಖಾನದ ಮೇಲೆ ಮೂವತ್ತು ಮಕ್ಕಳು, ಕುರ್ಚಿಗಳಲ್ಲಿ ಅವರ ಅಪ್ಪ ಅಮ್ಮಂದಿರು. ಎಲ್ಲರೂ ಸ್ವೆಟರ್, ಶಾಲು, ಮಫ್ಲರುಗಳಲ್ಲಿ. ಹಿಂದೆ ಉಪ್ಪಿಟ್ಟಿನ ವಾಸನೆ. ಗುಪ್ತಾಜಿಯ ಕಟ್ಟುಗಳು ಅದೇ ಬೆಳಿಗ್ಗೆ ಟೆಂಪೋದಲ್ಲಿ ನೇರ ಹಾಲಿಗೆ ಬಂದಿದ್ದವು. ಒಂದು ಪ್ರತಿಯನ್ನು ಪಾಟೀಲರು ಅವಸರದಲ್ಲಿ ಏನೂ ನೋಡದೆ ಮಿನುಗುವ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿ ತಟ್ಟೆಯಲ್ಲಿ ಇಟ್ಟಿದ್ದರು. ನಾನು ಹೊಸ ಕೋಟು ಹಾಕಿ ವೇದಿಕೆಯಲ್ಲಿ ಸಾಹೇಬರ ಪಕ್ಕ ಕೂತಿದ್ದೆ. ನಯ್ಯರ್ ಮೇಡಂ ಮುಂದಿನ ಸಾಲಿನಲ್ಲಿದ್ದರು. ಜೀವನದಲ್ಲಿ ಅಷ್ಟು ಸುಖವಾಗಿ ನಾನು ಯಾವ ಕುರ್ಚಿಯಲ್ಲೂ ಕೂತಿಲ್ಲ.

ಸಾಹೇಬರು ರಿಬ್ಬನ್ ಎಳೆದರು. ಕಾಗದ ಬಿಚ್ಚಿದರು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಸಭೆಗೆ ತೋರಿಸಿದರು. ಚಪ್ಪಾಳೆ. ಆಮೇಲೆ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿದರು. ಅವರ ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು. ನಾನು ಬಗ್ಗಿ ನೋಡಿದೆ.

ಮುಖಪುಟದಲ್ಲಿ ನನ್ನ ದುಂಡಣ್ಣ ನಿಂತಿದ್ದ. ಅವನ ಹೊಟ್ಟೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಹಸಿರು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದಿತ್ತು: "ಇದು ಆನೆಯೇ? ಸ್ಪಷ್ಟಪಡಿಸಿ." ಅದರ ಕೆಳಗೆ ನೀಲಿಯಲ್ಲಿ: "ಸೊಂಡಿಲು ಕಂಡುಬರುತ್ತದೆ. ಆನೆ ಎಂದು ಪರಿಗಣಿಸಬಹುದು." ಕೆಳಗೆ ಇಬ್ಬರ ಸಹಿ, ತಾರೀಖು ಸಮೇತ.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಾಗಿ ಹಿಂದಿಯಲ್ಲಿ ಕೇಳಿದರು.

"ಮೂರ್ತಿ, ಇದು ನನ್ನ ಅಕ್ಷರ ಅಲ್ವಾ?"

"ಹೌದು ಸರ್," ಎಂದೆ. "ಬಹಳ ಸ್ವಚ್ಛವಾಗಿ ಬಂದಿದೆ ಸರ್."

ಮಾಹಿತಿ ಹಕ್ಕಿನ ಕಾನೂನು ಆಗಷ್ಟೇ ಬಂದಿತ್ತು. ಫೈಲಿನೊಳಗಿನ ಟಿಪ್ಪಣಿಗಳನ್ನು ಜನರಿಗೆ ತೋರಿಸಬೇಕೇ ಬೇಡವೇ ಎಂದು ಪತ್ರಿಕೆಗಳಲ್ಲಿ ದಿನವೂ ಜಗಳ. ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದ ಹೊತ್ತಿನಲ್ಲಿ ನಾನು ಅವನ್ನು ನಾಲ್ಕು ಬಣ್ಣದಲ್ಲಿ, ಐನೂರು ಪ್ರತಿ, ಪುಟಾಣಿಗಳಿಗಾಗಿ ಪ್ರಕಟಿಸಿದ್ದೆ!

ಹೇಗಾದರೂ ಮಾಡಿ ಉಳಿದ ಪ್ರತಿಗಳನ್ನು ತಡೆಯಬೇಕೆಂದು ಎದ್ದೆ. ಆದರೆ ಪಾಟೀಲರದು ಬಹಳ ಚುರುಕು ಕೈ. ಅಷ್ಟರಲ್ಲಿ ಕಟ್ಟು ಬಿಚ್ಚಿ ಮೂವತ್ತು ಮಕ್ಕಳ ಕೈಗೂ ಒಂದೊಂದು ಕೊಟ್ಟಾಗಿತ್ತು. ನಾನು ಕೆಳಗಿಳಿದು ಮುಂದೆ ಕೂತಿದ್ದ ಒಂದು ಪುಟ್ಟ ಹುಡುಗಿಯ ಕೈಯಿಂದ ಪುಸ್ತಕ ಕಿತ್ತುಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ. ನಾನು ಎಳೆದೆ. ಅವಳು ಅತ್ತಳು. ಲೇಖಕರು ಮಗುವಿನಿಂದ ಪುಸ್ತಕ ಕಿತ್ತುಕೊಳ್ಳುತ್ತಿದ್ದಾರೆ ಎಂದು ಹಿಂದಿನಿಂದ ಯಾರೋ ಹೇಳಿದರು. ಬಿಟ್ಟುಬಿಟ್ಟೆ.

ಇಷ್ಟರಲ್ಲಿ ನನಗೆ ಮೊದಲು ಅರ್ಥವಾಗದ ಒಂದು ಸಂಗತಿ ಹಾಲಿನಲ್ಲಿ ನಡೆಯತೊಡಗಿತ್ತು. ಮಕ್ಕಳು ಓದುತ್ತಿದ್ದರು. ಕನ್ನಡ ಪುಸ್ತಕ ಕೊಟ್ಟರೆ ಅದರಿಂದ ಒಬ್ಬರ ತಲೆಗೆ ಒಬ್ಬರು ಹೊಡೆಯುವ ನಮ್ಮ ದೆಹಲಿಯ ಮಕ್ಕಳು ತಲೆ ತಗ್ಗಿಸಿ, ಬೆರಳಿಟ್ಟು, ಕಿಲಕಿಲ ನಗುತ್ತಾ ಓದುತ್ತಿದ್ದರು. ಓದುತ್ತಿದ್ದದ್ದು ಏನನ್ನು? ನನ್ನ ಕನ್ನಡವನ್ನು ಯಾರೂ ಮುಟ್ಟಿರಲಿಲ್ಲ. ಅಂಚಿನಲ್ಲಿ ಅಧಿಕಾರಿಗಳು ಬರೆದ ಇಂಗ್ಲಿಷನ್ನು ಓದುತ್ತಿದ್ದರು! ಆನೆ ದೆಹಲಿಗೆ ಬರುವ ಪುಟದಲ್ಲಿ: "ಯಾರ ಅನುಮತಿಯಿಂದ?" ಆನೆ ಸ್ವೆಟರ್ ಕೇಳುವ ಪುಟದಲ್ಲಿ: "ಮೂರು ಅಂಗಡಿಗಳಿಂದ ದರಪಟ್ಟಿ ತರಿಸಲಾಗಿದೆಯೇ?" ಒಂಟೆ ಬರುವ ಪುಟದಲ್ಲಿ: "ಒಂಟೆ ರಾಜಸ್ಥಾನದ್ದು. ಆ ರಾಜ್ಯದ ಅಭಿಪ್ರಾಯ ಪಡೆಯಿರಿ." ಆನೆ ಅಳುವ ಪುಟದಲ್ಲಿ ಬರೀ ಎರಡು ಪದ, "ಪ್ಲೀಸ್ ಡಿಸ್ಕಸ್." ಅದನ್ನು ಕಂಡು ಒಂದಿಡೀ ಸಾಲು ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಿದರು.

ಪಾಟೀಲರು ಸಂತೋಷದಿಂದ ಮೈಕು ಹಿಡಿದರು. "ನೋಡಿ, ಮಕ್ಕಳು ಹೆಂಗ ಓದಾಕತ್ತಾರ! ಈಗ ಲೇಖಕರ ಮಗಳು ಅನಘಾ ತಂದೆಯ ಪುಸ್ತಕದಿಂದ ಒಂದು ಪುಟ ಓದ್ತಾಳ," ಎಂದು ಘೋಷಿಸಿದರು.

ಇದು ನಾನೇ ಹಿಂದಿನ ವಾರ ಬೇಡಿಕೊಂಡು ಸೇರಿಸಿದ ಕಾರ್ಯಕ್ರಮ. ಅನಘಾ ವೇದಿಕೆ ಹತ್ತಿ ಏಳನೆಯ ಪುಟ ತೆರೆದಳು. ಅಲ್ಲಿ ಕಾಗೆ ಆನೆಗೆ ಬುದ್ಧಿ ಹೇಳುತ್ತದೆ. ಅವಳು ಒಂದು ಕ್ಷಣ ನೋಡಿ, ಸ್ಪಷ್ಟವಾಗಿ, ಎಲ್ಲೂ ತಡವರಿಸದೆ ಓದಲು ಶುರುಮಾಡಿದಳು. ಅಷ್ಟು ಗಾಬರಿಯಲ್ಲೂ ನನ್ನ ಮಗಳು ನನ್ನ ಪುಸ್ತಕ ಓದುತ್ತಿದ್ದಾಳೆ ಎಂದು ನನ್ನ ಎದೆ ಅರ್ಧ ಕ್ಷಣ ಉಬ್ಬಿತು. ಆಮೇಲೆ ಅವಳು ಓದುತ್ತಿರುವುದು ಯಾವ ಭಾಷೆ ಎಂದು ತಿಳಿಯಿತು.

ಕಾಗೆಯ ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣ ಅಕ್ಷರವಿತ್ತು. ಫೈಲ್ ಸಾಹೇಬರಿಂದ ಇಳಿದು ಬರುವಾಗ ನಯ್ಯರ್ ಮೇಡಂ ನನಗಾಗಿ ಬರೆದ ಮಾತು. ಗುಪ್ತಾಜಿಯ ಯಂತ್ರ ಅದನ್ನೂ ಬಿಟ್ಟಿರಲಿಲ್ಲ. ನನ್ನ ಮಗಳು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಜಾಯಿಂಟ್ ಸೆಕ್ರೆಟರಿಗೆ ಹಾಸ್ಯ ಅರ್ಥವಾಗುವುದಿಲ್ಲ. ಅವರು ಬರೆದದ್ದನ್ನೆಲ್ಲ ಬಿಟ್ಟುಬಿಡಿ."

ಮುಂದಿನ ಸಾಲಿನಲ್ಲಿ ಮೇಡಂ ತಮ್ಮ ಶಾಲನ್ನು ಮೂಗಿನವರೆಗೆ ಏರಿಸಿಕೊಂಡರು. ಅನಘಾ ತಿರುಗಿ, "ಪಪ್ಪಾ, ಜಾಯಿಂಟ್ ಸೆಕ್ರೆಟರಿ ಯಾವ ಆನಿಮಲ್ ಹೈ?" ಎಂದು ಕೇಳಿದಳು. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು.

ಸಾಹೇಬರು ನನ್ನ ಕಡೆ ತಿರುಗಿದರು. "ಇದನ್ನು ಯಾರು ಬರೆದದ್ದು?"

ಆ ಹೊತ್ತಿಗೆ ನನ್ನ ತಲೆಯಲ್ಲಿ ನನ್ನ ನೌಕರಿ, ಪೆನ್ಶನ್, ಕ್ವಾರ್ಟರ್ಸು ಎಲ್ಲ ಸಾಲಾಗಿ ಬಾಗಿಲ ಕಡೆ ನಡೆದು ಹೋಗುತ್ತಿದ್ದವು. ಮೇಡಂ ಹೆಸರು ಹೇಳಿದರೂ ಕೆಟ್ಟೆ, ಹೇಳದಿದ್ದರೂ ಕೆಟ್ಟೆ.

"ಕಾಗೆ ಹೇಳೋ ಮಾತು ಸರ್ ಅದು," ಎಂದೆ.

"ಕಾಗೆ ಇಂಗ್ಲಿಷ್ ಮಾತಾಡುತ್ತಾ?"

"ದೆಹಲಿಯ ಕಾಗೆ ಸರ್."

ಸಾಹೇಬರು ನನ್ನನ್ನು ನೋಡಿದರು, ಮೇಡಂ ಅವರ ಶಾಲನ್ನು ನೋಡಿದರು, ತಮ್ಮನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ ಮೂವತ್ತು ಮಕ್ಕಳನ್ನು ನೋಡಿದರು. ಅವರ ಕಷ್ಟ ನನಗೆ ಅರ್ಥವಾಯಿತು. ಸಿಟ್ಟು ಮಾಡಿಕೊಂಡರೆ ಏಳನೆಯ ಪುಟ ನಿಜವಾಗುತ್ತದೆ. ಆದ್ದರಿಂದ ಅವರು ನಕ್ಕರು. ಮೊದಲು ತುಟಿಯಲ್ಲಿ, ಆಮೇಲೆ ಭುಜ ಕುಣಿಸಿ, ಕೊನೆಗೆ ಜೋರಾಗಿ. ಹಿರಿಯ ಅಧಿಕಾರಿಯೊಬ್ಬರು ಅಷ್ಟು ಶ್ರಮಪಟ್ಟು ದುಡಿದದ್ದನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಮಕ್ಕಳು ಅವರನ್ನು ಮುತ್ತಿಕೊಂಡರು. ಹಸಿರು ಅಕ್ಷರದ ಅಂಕಲ್ ಇವರೇ ಎಂದು ಅವರಿಗೆ ಗೊತ್ತಾಗಿಹೋಗಿತ್ತು. ಪುಸ್ತಕ ಚಾಚಿ ಸಹಿ ಕೇಳಿದರು. ಸಾಹೇಬರು ಜೇಬಿನಿಂದ ಹಸಿರು ಪೆನ್ನು ತೆಗೆದು ಸಹಿ ಮಾಡಿದರು, ಕೇಳಿದವರಿಗೆ "ಪ್ಲೀಸ್ ಡಿಸ್ಕಸ್" ಎಂದೂ ಬರೆದುಕೊಟ್ಟರು. ಕೊನೆ ಕೊನೆಗೆ ಅವರು ನಿಜವಾಗಿಯೇ ನಗುತ್ತಿದ್ದರು. ನನ್ನ ಬಳಿ ಒಂದೇ ಒಂದು ಮಗು ಬಂತು. ಸಂಭ್ರಮದಿಂದ ಪೆನ್ನು ತೆಗೆದೆ. ಉಪ್ಪಿಟ್ಟು ಎಲ್ಲಿ ಕೊಡುತ್ತಾರೆ ಎಂದು ಕೇಳಿತು.

ಹೊರಡುವಾಗ ನಯ್ಯರ್ ಮೇಡಂ ನನ್ನ ಹತ್ತಿರ ನಿಂತರು. "ಕಲ್ ಸುಬಹ್, ಮೇರೆ ಕಮರೆ ಮೇಂ," ಎಂದು, ಬೆಳಿಗ್ಗೆ ತಮ್ಮ ಕೋಣೆಗೆ ಬರುವಂತೆ ಅಷ್ಟೇ ಹೇಳಿ ಕಾರು ಹತ್ತಿದರು.

ಸೋಮವಾರ ನಾನು ಹಣೆಗೆ ಕುಂಕುಮ ಇಟ್ಟುಕೊಂಡು ಹೋದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಜಿನ ಮೇಲೆ ವೈಟ್ನರಿನ ಒಂದು ಬಾಟಲಿ ಇಟ್ಟರು.

"ಎಷ್ಟು ಪ್ರತಿ ಉಳಿದಿದೆ?"

"ನಾನೂರ ಎಪ್ಪತ್ತು, ಮೇಡಂ."

"ಏಳನೇ ಪುಟ. ನಾನೂರ ಎಪ್ಪತ್ತು ಸಲ. ನಿಮ್ಮ ಕೈಯಾರೆ," ಎಂದರು. ಈ ಆದೇಶವನ್ನು ಬಾಯಲ್ಲೇ ಹೇಳಿದರು. ಪೆನ್ಸಿಲ್ಲಿನಲ್ಲೂ ಬರೆಯಲಿಲ್ಲ.

ಅದರ ಮುಂದಿನ ಶನಿವಾರ ಮಧ್ಯಾಹ್ನ ನಮ್ಮ ಸಂಸಾರ ಕ್ವಾರ್ಟರ್ಸಿನ ತಾರಸಿಯ ಬಿಸಿಲಿನಲ್ಲಿ ಚಾಪೆ ಹಾಸಿ ಕೂತಿತ್ತು. ಸುತ್ತ ಎಲ್ಲರೂ ಕಡಲೆಕಾಯಿ ಬಿಡಿಸುತ್ತಾ ಸ್ವೆಟರ್ ಹೆಣೆಯುತ್ತಿದ್ದರು. ನಾವು ಕಾಗೆಗೆ ಬಿಳಿ ಬಳಿಯುತ್ತಿದ್ದೆವು. ಸುಮಿತ್ರಾ ಪುಟ ತೆರೆದು ಕೊಡುವುದು, ನಾನು ಹಚ್ಚುವುದು, ಅನಘಾ ಊದಿ ಒಣಗಿಸುವುದು.

"ಅವತ್ತೇ ಲಕೋಟೆ ತೆಗ್ದು ನೋಡಿದ್ರೆ ಒಂದು ರಬ್ಬರ್ ಸಾಕಾಗ್ತಿತ್ತು," ಎಂದಳು ಸುಮಿತ್ರಾ. ಅರವತ್ತನೆಯ ಪುಸ್ತಕದ ಹೊತ್ತಿಗೆ ಇದನ್ನು ಅವಳು ಆರನೆಯ ಸಲ ಹೇಳಿದ್ದಳು. ನಾನು ಮುಂದಿನ ಪುಸ್ತಕಕ್ಕೆ ಕೈ ಚಾಚಿದೆ.

ಅನಘಾ ಊದುವುದನ್ನು ನಿಲ್ಲಿಸಿ ಕೊನೆಯ ಪುಟ ನೋಡುತ್ತಿದ್ದಳು. ಅಲ್ಲಿ ದುಂಡಣ್ಣ ಹೊಸ ಸ್ವೆಟರ್ ಹಾಕಿಕೊಂಡು ನಗುತ್ತಾ ನಿಂತಿರುತ್ತಾನೆ. ಪಕ್ಕದಲ್ಲಿ ಸಾಹೇಬರ ಹಸಿರು ಅಕ್ಷರ.

"ಪಪ್ಪಾ, ಅಂಕಲ್ ಯಹಾಂ ಪೂಛ್ ರಹೇ ಹೈಂ, ಸ್ವೆಟರ್ ಮುಗಿಯೋಷ್ಟರಲ್ಲಿ ಚಳಿನೇ ಮುಗಿದಿತ್ತು, ಮತ್ತೆ ಆನೆ ಯಾಕೆ ನಗ್ತಿದೆ ಅಂತ. ಇಸ್ಕಾ ಆನ್ಸರ್ ಕ್ಯಾ ಹೈ?"

ನನ್ನ ಕೈಯಲ್ಲಿ ವೈಟ್ನರಿತ್ತು, ತಲೆಯಲ್ಲಿ ಇನ್ನೂ ನಾನೂರ ಹತ್ತು ಕಾಗೆಗಳಿದ್ದವು. "ಕಥೆಯಲ್ಲಿದೆ. ಓದಿಕೋ," ಎಂದೆ, ತಲೆ ಎತ್ತದೆ.

ಆಮೇಲೆ ಬೆನ್ನ ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು. "ದು... ದುಂ... ದುಂಡಣ್ಣ... ಎಂ... ಎಂಬ..."

ಸುಮಿತ್ರಾ ನನ್ನ ಮೊಣಕೈ ಹಿಡಿದು, ತಿರುಗಬೇಡಿ ಎಂದು ಕಣ್ಣಿನಲ್ಲೇ ಹೇಳಿದಳು. ನಾನು ತಿರುಗಲಿಲ್ಲ. ಅನಘಾ ಒಂದೊಂದೇ ಅಕ್ಷರ ಜೋಡಿಸಿ, ಒತ್ತಕ್ಷರ ಬಂದಲ್ಲಿ ಎಡವಿ, ಎರಡು ಸಲ ಅಮ್ಮನನ್ನು ಕೇಳಿ, ಹದಿನಾರು ಪುಟವನ್ನೂ ಓದಿದಳು. ಬಿಸಿಲು ನಮ್ಮ ಚಾಪೆ ಬಿಟ್ಟು ಎದುರಿನ ಗೋಡೆಗೆ ಹೋಗಿತ್ತು. ವೈಟ್ನರ್ ಕಾಗೆಯನ್ನು ಬಿಟ್ಟು ನನ್ನ ಹೆಬ್ಬೆರಳಿಗೆ ಮೆತ್ತಿಕೊಂಡಿದ್ದೂ ಗೊತ್ತಾಗಲಿಲ್ಲ. ನಾನು ಬೇಡಿದ್ದು ಇಷ್ಟನ್ನೇ. ನೌಕರಿ ಹೋದರೂ ಚಿಂತೆಯಿಲ್ಲ ಎಂದು ಆ ಹೊತ್ತು ಅನ್ನಿಸಿತು.

ಪುಸ್ತಕ ಮುಚ್ಚಿದ ಸದ್ದು ಕೇಳಿ ತಿರುಗಿದೆ.

"ಓದಿದ್ಯಾ ಪುಟ್ಟಿ?"

"ಪೂರಾ ಓದಿದೆ," ಎಂದಳು. ಮುಖ ಗಂಭೀರವಾಗಿತ್ತು. "ಇದರಲ್ಲಿ ದೀಪಾವಳಿಗೆ ಹೆಣೆಯೋಕೆ ಶುರು, ಹೋಳಿ ಹಬ್ಬಕ್ಕೆ ಮುಗೀತು ಅಂತಿದೆ. ಹೋಳಿ ಟೈಮಲ್ಲಿ ಸ್ವೆಟರ್ ಯಾರು ಹಾಕ್ತಾರೆ ಪಪ್ಪಾ? ಅಂಕಲ್ ಹೇಳೋದು ಸಹೀ ಹೈ."

ನಾನು ಪುಸ್ತಕ ಎಳೆದು ನೋಡಿದೆ. ಹೋಳಿ ಎಂದೇ ಇತ್ತು. ಸುಮಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅನಘಾ ನನ್ನ ಕೈಯ ಬಾಟಲಿಯನ್ನೂ ನನ್ನ ಮುಖವನ್ನೂ ಒಂದು ಸಲ ನೋಡಿ, ಬಹಳ ಮೆತ್ತಗೆ, ನನಗೆ ಬೇಜಾರಾಗಬಾರದು ಎಂಬಂತೆ ಕೇಳಿದಳು:

"ತೋ ಪಪ್ಪಾ, ಸ್ಟೋರಿ ಮೇಲೂ ವೈಟ್ನರ್ ಹಚ್ಚಲಾ?"

ಇಪ್ಪತ್ತೆರಡು ವರ್ಷದ ಸರ್ಕಾರಿ ನೌಕರ ನಾನು. ಫೈಲನ್ನು ಪೂರ್ತಿ ಓದಿ ಅಭಿಪ್ರಾಯ ಹೇಳಿದವರಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ. ಬಾಟಲಿ ಕೊಟ್ಟೆ.